ಸಿವಿಲೈಸೇಷನ್ 6ರಲ್ಲಿ ಕಲ್ಚರ್ ವಿಕ್ಟರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ನಾವು ಕೆಲವು ಕನ್ನಡದವರು ಶನಿವಾರ ಸೇರಿ ಸಿವಿಲೈಸೇಷನ್ ಎಂಬ ಕಂಪ್ಯೂಟರ್ ಆಟ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ದೇಶ ಹಿಡಿದು, ಸರದಿಯಲ್ಲಿ (ಟರ್ನ್) ಅದನ್ನು ಬೆಳೆಸುತ್ತಾ ಹೋಗುವ ಆಟ. ಹಿಂಜವಡಿಯಲ್ಲಿ ಕೆಲಸ ಮಾಡುವವರೇ ಜಾಸ್ತಿ. ಡೊಂಬಿವಲಿಯಿಂದ, ವಾಸ್ಕೋದಿಂದ ಒಂದಿಬ್ಬರು ಆನ್‌ಲೈನ್ ಸೇರಿಕೊಳ್ಳುತ್ತಾರೆ. ಯುದ್ಧ ಮಾಡಿ ಗೆಲ್ಲುವುದು ಎಲ್ಲರಿಗೂ ಬೇಗ ಅರ್ಥವಾಗುತ್ತದೆ. ಕಲ್ಚರ್ ವಿಕ್ಟರಿ, ಅಂದರೆ ಸಂಸ್ಕೃತಿಯ ಬಲದಿಂದ ಗೆಲ್ಲುವುದು, ಅಷ್ಟು ಬೇಗ ಕೈಗೆ ಸಿಗುವುದಿಲ್ಲ. ಹಾಗಾಗಿ ಫೋನಿನಲ್ಲಿ, ಮೆಸೇಜಿನಲ್ಲಿ, ಊಟಕ್ಕೆ ಕೂತಾಗ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ಇಲ್ಲಿ ಹೇಳಿರುವುದೆಲ್ಲ 2019ರ ಗ್ಯಾದರಿಂಗ್ ಸ್ಟಾರ್ಮ್ ಎಂಬ ವಿಸ್ತರಣೆ ಸೇರಿಸಿಕೊಂಡ ಸಿವಿಲೈಸೇಷನ್ 6ಕ್ಕೆ ಸಂಬಂಧಿಸಿದ್ದು.

## ಹೊಸದಾಗಿ ಶುರು ಮಾಡುವವರಿಗೆ

ಕಲ್ಚರ್ ಪಾಯಿಂಟ್ ಎಲ್ಲರಿಗಿಂತ ಜಾಸ್ತಿ ಮಾಡಿದ್ರೆ ಗೆದ್ದಂಗೆ ಅಲ್ವಾ?

ಅಲ್ಲ. ಹೊಸಬರು ಸೋಲುವುದು ಇಲ್ಲೇ. ಆಟದಲ್ಲಿ ಕಲ್ಚರ್ ಬೇರೆ, ಟೂರಿಸಂ ಬೇರೆ. ಕಲ್ಚರ್ ನಿಮಗೆ ಹೊಸ ಸಿವಿಕ್‌ಗಳನ್ನು (ಸಮಾಜದ ಹೊಸ ವಿಚಾರಗಳನ್ನು) ತಂದುಕೊಡುತ್ತದೆ, ನಿಮ್ಮ ಜನ ನಿಮ್ಮ ದೇಶದಲ್ಲೇ ಉಳಿಯುವಂತೆ ನೋಡಿಕೊಳ್ಳುತ್ತದೆ. ಬೇರೆ ದೇಶದ ಜನರನ್ನು ನಿಮ್ಮ ಕಡೆ ಸೆಳೆಯುವುದು ಟೂರಿಸಂ. ಗೆಲ್ಲಬೇಕಾದರೆ ನಿಮ್ಮ ದೇಶಕ್ಕೆ ಬರುವ ವಿಸಿಟಿಂಗ್ ಟೂರಿಸ್ಟ್‌ಗಳ ಸಂಖ್ಯೆ, ಉಳಿದ ಪ್ರತಿಯೊಂದು ದೇಶದ ಡೊಮೆಸ್ಟಿಕ್ ಟೂರಿಸ್ಟ್‌ಗಳ ಸಂಖ್ಯೆಗಿಂತ ಜಾಸ್ತಿ ಇರಬೇಕು. ಎಲ್ಲ ದೇಶಗಳನ್ನು ಕೂಡಿಸಿ ಅಲ್ಲ, ಒಂದೊಂದನ್ನೂ ಪ್ರತ್ಯೇಕವಾಗಿ ಮೀರಬೇಕು. ಅಂದರೆ ಅವರಲ್ಲಿ ಯಾರ ಸಂಖ್ಯೆ ಎಲ್ಲಕ್ಕಿಂತ ದೊಡ್ಡದೋ ಅದನ್ನು ದಾಟಿದರೆ ಸಾಕು, ಉಳಿದವರನ್ನು ತಾನಾಗಿಯೇ ದಾಟಿರುತ್ತೀರಿ.

ಇದೊಂದು ತಲೆಯಲ್ಲಿ ಕೂತರೆ ಆಟವನ್ನು ನೋಡುವ ರೀತಿಯೇ ಬದಲಾಗುತ್ತದೆ. ಕಣ್ಣಿಡಬೇಕಾದ್ದು ನಿಮ್ಮ ಸಂಖ್ಯೆಗಿಂತ ಮೊದಲು ಆ ಒಬ್ಬ ಎದುರಾಳಿಯ ಸಂಖ್ಯೆಯ ಮೇಲೆ. ವರ್ಲ್ಡ್ ರ್‍ಯಾಂಕಿಂಗ್ಸ್ ಪರದೆಯಲ್ಲಿ ಕಲ್ಚರ್ ವಿಭಾಗ ತೆರೆದರೆ ಎರಡೂ ಕಾಣುತ್ತವೆ. ಹತ್ತು ಟರ್ನ್‌ಗೊಮ್ಮೆಯಾದರೂ ಅದನ್ನು ತೆರೆದು ನೋಡಿ.

ಡೊಮೆಸ್ಟಿಕ್ ಟೂರಿಸ್ಟ್, ವಿಸಿಟಿಂಗ್ ಟೂರಿಸ್ಟ್… ತಲಿ ಕೆಡ್ತದ್ರಿ. ಲೆಕ್ಕ ಹಾಕಿ ತೋರಿಸ್ರಿ.

ಮಳೆಗಾಲದ ಭಾನುವಾರ ಪುಣೆಯವರು ಲೋಣಾವಳಕ್ಕೆ ಹೋಗುತ್ತಾರೆ. ಅವತ್ತು ಅವರನ್ನು ಲೋಣಾವಳದ ಲೆಕ್ಕಕ್ಕೆ ಸೇರಿಸಬೇಕು, ಪುಣೆಯ ಲೆಕ್ಕದಿಂದ ಕಳೆಯಬೇಕು. ಆಟದ ಲೆಕ್ಕವೂ ಹೀಗೇ.

ಒಂದು ದೇಶ ಆಟದ ಶುರುವಿನಿಂದ ಗಳಿಸಿದ ಒಟ್ಟು ಕಲ್ಚರ್‌ನಲ್ಲಿ ಪ್ರತಿ 100ಕ್ಕೆ ಒಬ್ಬ ಡೊಮೆಸ್ಟಿಕ್ ಟೂರಿಸ್ಟ್ ಹುಟ್ಟುತ್ತಾನೆ. ಒಟ್ಟು 15,000 ಕಲ್ಚರ್ ಗಳಿಸಿದ ದೇಶಕ್ಕೆ 150 ಜನ. ಅವರಲ್ಲಿ ಕೆಲವರನ್ನು ನೀವು ನಿಮ್ಮ ಕಡೆ ಎಳೆದುಕೊಂಡರೆ ಅಲ್ಲಿ ಅಷ್ಟು ಕಡಿಮೆಯಾಗುತ್ತದೆ.

ಎಳೆದುಕೊಳ್ಳುವುದಕ್ಕೆ ಬೆಲೆ ಇದೆ. 200ನ್ನು ಆಟ ಶುರುವಾದಾಗ ಇದ್ದ ದೇಶಗಳ ಸಂಖ್ಯೆಯಿಂದ ಗುಣಿಸಿ. ಆರು ದೇಶದ ಆಟವಾದರೆ 1,200. ಒಂದು ದೇಶದ ಮೇಲೆ ನಿಮ್ಮ ಟೂರಿಸಂ ಒಟ್ಟು 1,200 ಆದಾಗ ಅಲ್ಲಿಂದ ಒಬ್ಬ ಬರುತ್ತಾನೆ. ಟರ್ನಿಗೆ ನಿಮ್ಮ ಟೂರಿಸಂ 300 ಇದ್ದರೆ ನಾಲ್ಕು ಟರ್ನಿಗೆ ಒಬ್ಬ. ಈ 300 ಐದು ದೇಶಗಳಿಗೆ ಹಂಚಿಹೋಗುವುದಿಲ್ಲ. ನೀವು ಭೇಟಿಯಾದ ಪ್ರತಿಯೊಂದು ದೇಶದ ಮೇಲೂ ಪೂರ್ತಿ 300 ಬೀಳುತ್ತದೆ. ಆದ್ದರಿಂದ ನಾಲ್ಕು ಟರ್ನಿಗೆ ಐದು ದೇಶದಿಂದ ಐದು ಜನ.

ಇದರಲ್ಲೇ ಇನ್ನೊಂದು ಪಾಠ ಇದೆ. ಭೇಟಿಯೇ ಆಗದ ದೇಶದಿಂದ ಒಬ್ಬನೂ ಬರುವುದಿಲ್ಲ. ಸಮುದ್ರ ದಾಟುವ ತಂತ್ರ ಸಿಕ್ಕ ತಕ್ಷಣ ಒಂದು ಹಡಗು ಕಳಿಸಿ ಎಲ್ಲರನ್ನೂ ಭೇಟಿಯಾಗಿಬಿಡಿ.

ಅಣ್ಣಾ, ಯಾವ ದೇಶ ತಗೊಂಡ್ರೆ ಸುಲಭ?

ಮೊದಲ ಸಲಕ್ಕೆ ನಾನು ರಷ್ಯಾ ಹೇಳುತ್ತೇನೆ. ಉಳಿದವರು ಹೋಲಿ ಸೈಟ್ ಎಂಬ ಧರ್ಮದ ಬಡಾವಣೆ ಕಟ್ಟುವ ಕಡೆ ಅವರು ಲಾವ್ರಾ ಕಟ್ಟುತ್ತಾರೆ. ಅದರಿಂದ ಫೇತ್ (ಧರ್ಮದ ಪಾಯಿಂಟ್) ಜತೆಗೆ ಬರಹಗಾರರು, ಕಲಾವಿದರು, ಸಂಗೀತಗಾರರು ಬರುವ ಪಾಯಿಂಟ್‌ಗಳೂ ಸಿಗುತ್ತವೆ. ಕಲ್ಚರ್ ಗೆಲುವಿಗೆ ಈ ಎರಡೂ ಬೇಕು, ಒಂದೇ ಕಡೆ ಸಿಗುವುದು ದೊಡ್ಡ ಅನುಕೂಲ.

ವಂಡರ್ (ಐಫೆಲ್ ಟವರ್‌ನಂಥ ಜಗತ್ಪ್ರಸಿದ್ಧ ಕಟ್ಟಡ) ಕಟ್ಟುವ ಆಸೆ ಇದ್ದರೆ ಫ್ರಾನ್ಸ್. ಅವರ ವಂಡರ್‌ಗಳ ಟೂರಿಸಂ ಎರಡು ಪಟ್ಟು. ಗ್ರೀಸ್‌ನ ಪೆರಿಕ್ಲಿಸ್‌ಗೆ ಅವನು ಸುಜರೇನ್ (ಪೋಷಕ) ಆಗಿರುವ ಪ್ರತಿ ಸಿಟಿ ಸ್ಟೇಟ್‌ಗೆ (ಒಂದೇ ಊರಿನ ಪುಟ್ಟ ರಾಜ್ಯ) ಶೇಕಡಾ 5 ಕಲ್ಚರ್ ಹೆಚ್ಚು. ಸ್ವೀಡನ್ನಿನ ಕ್ರಿಸ್ಟಿನಾ ಹಿಡಿದರೆ ಮ್ಯೂಸಿಯಂ ತುಂಬಿದ ಕೂಡಲೇ ತಾನೇ ಥೀಮ್ ಆಗುತ್ತದೆ, ಅಂದರೆ ಕೃತಿಗಳು ಹೊಂದಿಕೊಂಡು ಲಾಭ ದುಪ್ಪಟ್ಟಾಗುತ್ತದೆ. ಶಾಂತಿಯಿಂದ ಆಡುವ ಮನಸ್ಸಿದ್ದರೆ ಕೆನಡಾ: ಅದರ ಮೇಲೆ ಯಾರೂ ಸರ್ಪ್ರೈಸ್ ವಾರ್ ಸಾರುವಂತಿಲ್ಲ, ಅವರ ಮೌಂಟಿ ಸೈನಿಕರೇ ನ್ಯಾಷನಲ್ ಪಾರ್ಕ್ ಮಾಡಬಲ್ಲರು.

ಕಾಂಗೋ ನೋಡಿದಾಗ ಆಸೆಯಾಗುತ್ತದೆ. ಶಿಲ್ಪ, ರೆಲಿಕ್ (ಧರ್ಮದ ಪವಿತ್ರ ವಸ್ತು), ಆರ್ಟಿಫ್ಯಾಕ್ಟ್‌ಗಳಿಂದ (ಅಗೆದು ತೆಗೆದ ಪುರಾತನ ವಸ್ತು) ಅದಕ್ಕೆ ಎಲ್ಲರಿಗಿಂತ ಹೆಚ್ಚು ಸಿಗುತ್ತದೆ. ಆದರೆ ಅದು ಹೋಲಿ ಸೈಟ್ ಕಟ್ಟುವಂತಿಲ್ಲ. ಕೊನೆಯಲ್ಲಿ ಫೇತ್ ಸಾಲುವುದಿಲ್ಲ. ಸ್ವಲ್ಪ ಕೈ ಪಳಗಿದ ಮೇಲೆ ಹಿಡಿಯಿರಿ.

ನಮ್ಮ ಇಂಡಿಯಾ ಹಿಡಿದು ಕಲ್ಚರ್‌ನಲ್ಲಿ ಗೆಲ್ಲೋಕೆ ಆಗುತ್ತಾ ಮಾರಾಯ್ರೆ?

ಆಗುತ್ತದೆ. ಗಾಂಧಿಯನ್ನು ಆರಿಸಿಕೊಳ್ಳಿ. ಧರ್ಮ ಸ್ಥಾಪಿಸಿದ, ಆದರೆ ಯುದ್ಧದಲ್ಲಿಲ್ಲದ ಪ್ರತಿ ದೇಶವನ್ನು ಭೇಟಿಯಾದಾಗ ಗಾಂಧಿಗೆ ಫೇತ್ ಹೆಚ್ಚು ಬರುತ್ತದೆ. ಆ ಫೇತ್ ಕೂಡಿಟ್ಟುಕೊಂಡು ಕೊನೆಯಲ್ಲಿ ನ್ಯಾಷನಲ್ ಪಾರ್ಕ್ ಮಾಡುವ ನ್ಯಾಚುರಲಿಸ್ಟ್, ಬೇರೆ ದೇಶದಲ್ಲಿ ಶೋ ಕೊಡುವ ರಾಕ್ ಬ್ಯಾಂಡ್ ಕೊಳ್ಳಬಹುದು. ಕಲಾಕೃತಿಗಳ ವಿಷಯದಲ್ಲಿ ಭಾರತಕ್ಕೆ ವಿಶೇಷ ಸವಲತ್ತು ಇಲ್ಲ, ಅದನ್ನು ನೀವೇ ಕಟ್ಟಿಕೊಳ್ಳಬೇಕು. ಚಂದ್ರಗುಪ್ತ ಇದಕ್ಕೆ ಸರಿಯಿಲ್ಲ, ಅವನ ಬಲವೆಲ್ಲ ಪಕ್ಕದವರ ಮೇಲೆ ಯುದ್ಧಕ್ಕೆ ಹೋಗುವುದರಲ್ಲಿದೆ.

ಬರಹಗಾರರ ಪಟ್ಟಿಯಲ್ಲಿ ವಾಲ್ಮೀಕಿ, ಭಾಸ, ರವೀಂದ್ರನಾಥ ಟ್ಯಾಗೋರ್ ಇದ್ದಾರೆ. ಅವರು ಯಾವ ದೇಶಕ್ಕೆ ಬೇಕಾದರೂ ಹೋಗಬಹುದು. ವಾಲ್ಮೀಕಿ ನಾರ್ವೆಗೆ ಹೋದರೆ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಸಂಕಟ, ಹಾಗಾಗಿ ಬರಹಗಾರರ ಪಾಯಿಂಟ್ ಬೇಗ ಕಟ್ಟುವ ಅಭ್ಯಾಸ ಎಲ್ಲರಿಗೂ ಆಗಿದೆ.

ಯಾವ ಡಿಫಿಕಲ್ಟಿಯಲ್ಲಿ ಕಲಿಯಬೇಕು?

ಪ್ರಿನ್ಸ್. ಎಂಟು ಹಂತಗಳಲ್ಲಿ ಅದು ನಾಲ್ಕನೆಯದು. ಅಲ್ಲಿ ನಿಮಗೂ ಕಂಪ್ಯೂಟರಿಗೂ ಯಾವ ರಿಯಾಯಿತಿಯೂ ಇಲ್ಲ. ಕಲಿಯುವಾಗ ಮೊನಾಪಲೀಸ್ ಆ್ಯಂಡ್ ಕಾರ್ಪೊರೇಷನ್ಸ್ ಮೋಡ್ ಆಫ್ ಮಾಡಿ. ಅದು ಟೂರಿಸಂ ಅನ್ನು ವಿಪರೀತ ಏರಿಸುತ್ತದೆ. ಬೇಗ ಗೆಲ್ಲುತ್ತೀರಿ, ಯಾಕೆ ಗೆದ್ದಿರಿ ಅನ್ನೋದು ಮಾತ್ರ ಗೊತ್ತಾಗಲ್ಲ.

ನನಗೆ ನೈಟ್ ಶಿಫ್ಟ್, ಅವನಿಗೆ ಡೊಂಬಿವಲಿ ಲೋಕಲ್. ಒಟ್ಟಿಗೆ ಕೂರೋಕೇ ಆಗಲ್ಲ. ಆಡೋದು ಹೇಗೆ?

ಪ್ಲೇ ಬೈ ಕ್ಲೌಡ್ ಇದೆ. ನಿಮ್ಮ ಟರ್ನ್ ಬಂದಾಗ ಸೂಚನೆ ಬರುತ್ತದೆ, ಬಿಡುವಾದಾಗ ಆಡಿ ಮುಗಿಸಬಹುದು. ಕಲ್ಚರ್ ಆಟಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ, ಅವಸರ ಇರುವುದಿಲ್ಲ. ಒಂದೇ ರಾತ್ರಿಯಲ್ಲಿ ಕೂತು ಮುಗಿಸಬೇಕಾದರೆ ಆನ್‌ಲೈನ್ ಸ್ಪೀಡ್ ಹಾಕಿ. ಸ್ಟ್ಯಾಂಡರ್ಡ್‌ನಲ್ಲಿ 500 ಟರ್ನ್, ಅದರಲ್ಲಿ 250. ಒಂದೇ ಲ್ಯಾಪ್‌ಟಾಪ್ ಇದ್ದರೆ ಹಾಟ್‌ಸೀಟ್ ಹಾಕಿಕೊಂಡು ಸರದಿಯಲ್ಲಿ ಆಡಬಹುದು.

## ಊರು ಕಟ್ಟುವ ಹಂತ

ಟೂರಿಸಂ ಬರೋದು ಕೊನೆಗೆ ಅಂತೀರಿ. ಹಾಗಾದ್ರೆ ಮೊದಲು ಸುಮ್ನೆ ಕೂತಿರೋದಾ?

ಮೊದಲ ನೂರು ಟರ್ನ್‌ಗಳಲ್ಲಿ ಮಾಡಿದ್ದೇ ಕೊನೆಯ ಐವತ್ತರಲ್ಲಿ ಕೆಲಸಕ್ಕೆ ಬರುವುದು. ಎಂಟು, ಹತ್ತು ಊರು ಮಾಡಿ. ಮೂರು ಚಂದದ ಊರು ಸಾಕು ಎಂದು ಕೂತರೆ ಕಲಾಕೃತಿ ಇಡಲು ಜಾಗ ಸಿಗುವುದಿಲ್ಲ, ಪಾರ್ಕಿಗೆ ನೆಲ ಸಿಗುವುದಿಲ್ಲ. ಊರು ಹಾಕುವಾಗಲೇ ಬೆಟ್ಟ, ಕಾಡು, ಸಮುದ್ರ ತೀರ, ನ್ಯಾಚುರಲ್ ವಂಡರ್ ಎಲ್ಲಿದೆ ನೋಡಿ, ಪಿನ್ ಹಾಕಿಟ್ಟುಕೊಳ್ಳಿ. ಡ್ರಾಮಾ ಆ್ಯಂಡ್ ಪೊಯೆಟ್ರಿ ಸಿವಿಕ್ ಬೇಗ ತಗೊಳ್ಳಿ, ಥಿಯೇಟರ್ ಸ್ಕ್ವೇರ್ ಎಂಬ ಕಲೆಯ ಬಡಾವಣೆ ತೆರೆಯುವುದು ಅದರಿಂದ.

ಸೈನ್ಯ ಪೂರ್ತಿ ಬಿಡಬೇಡಿ. ಬೇಲಿ ಇಲ್ಲದ ಹೊಲ ನೋಡಿದರೆ ಕಂಪ್ಯೂಟರ್ ಮೇಯಲು ಬಂದೇ ಬರುತ್ತದೆ. ಗೋಡೆ, ಕೆಲವು ಬಿಲ್ಲುಗಾರರು, ಅಷ್ಟು ಸಾಕು.

ಥಿಯೇಟರ್ ಸ್ಕ್ವೇರ್ ಎಲ್ಲಾ ಊರಲ್ಲೂ ಬೇಕಾ?

ಬಹುತೇಕ ಎಲ್ಲ ಊರಲ್ಲೂ ಬೇಕು. ಆ್ಯಂಫಿಥಿಯೇಟರ್‌ನಲ್ಲಿ ಎರಡು ಪುಸ್ತಕಕ್ಕೆ ಜಾಗ, ಮ್ಯೂಸಿಯಂನಲ್ಲಿ ಮೂರು ಕೃತಿಗೆ, ಬ್ರಾಡ್‌ಕಾಸ್ಟ್ ಸೆಂಟರ್‌ನಲ್ಲಿ ಒಂದು ಸಂಗೀತ ಕೃತಿಗೆ. ಜಾಗ ಇಲ್ಲದಿದ್ದರೆ ಗ್ರೇಟ್ ರೈಟರ್ ಬಂದೂ ಸುಮ್ನೆ ನಿಂತಿರುತ್ತಾನೆ. ಬರಹಗಾರ ಎರಡು ಕೃತಿ ಕೊಡುತ್ತಾನೆ, ಕಲಾವಿದ ಮೂರು, ಸಂಗೀತಗಾರ ಎರಡು. ಅವರು ಬರುವ ಮೊದಲೇ ಕಟ್ಟಡ ಸಿದ್ಧವಿರಲಿ. ಥಿಯೇಟರ್ ಸ್ಕ್ವೇರ್ ಅನ್ನು ವಂಡರ್ ಪಕ್ಕದ ಟೈಲ್‌ನಲ್ಲಿ (ನಕ್ಷೆಯ ಒಂದು ಮನೆ) ಇಟ್ಟರೆ ಕಲ್ಚರ್ ಜಾಸ್ತಿ ಸಿಗುತ್ತದೆ.

ಇನ್ನೊಂದು ಮಾತು. ಪಿಂಗಳ ಎಂಬ ಗವರ್ನರ್ ಇದ್ದಾನಲ್ಲ, ನಮ್ಮ ಛಂದಶ್ಶಾಸ್ತ್ರದ ಪಿಂಗಳನೇ. ಅವನಿಗೆ ಕ್ಯುರೇಟರ್ ಪ್ರಮೋಷನ್ ಕೊಟ್ಟು, ಎಲ್ಲಿ ಪುಸ್ತಕ, ಚಿತ್ರ, ಸಂಗೀತ ಜಾಸ್ತಿ ಇದೆಯೋ ಆ ಊರಿನಲ್ಲಿ ಕೂರಿಸಿ. ಅಲ್ಲಿ ಆ ಕೃತಿಗಳ ಟೂರಿಸಂ ಎರಡು ಪಟ್ಟಾಗುತ್ತದೆ.

ವಂಡರ್ ಕಟ್ಟೋಕೆ ಶುರು ಮಾಡಿದ್ರೆ ಪ್ರತಿ ಸಲ ಬೇರೆ ಯಾರೋ ಮುಗಿಸಿಬಿಡ್ತಾರೆ. ಎಲ್ಲಾ ಬೇಕೇ ಬೇಕಾ?

ಬೇಡ. ಎಲ್ಲದರ ಹಿಂದೆ ಓಡಿದರೆ ಊರು ಬೆಳೆಯುವುದಿಲ್ಲ. ಕೆಲವನ್ನು ಮಾತ್ರ ಆರಿಸಿಕೊಳ್ಳಿ. ನನ್ನ ಲೆಕ್ಕದಲ್ಲಿ ಇವು ಬಿಡಬಾರದ್ದು: ಆರೇಕಲ್, ಗ್ರೇಟ್ ಪರ್ಸನ್ (ಬರಹಗಾರ, ಕಲಾವಿದರಂಥ ಮಹಾನ್ ವ್ಯಕ್ತಿಗಳು) ಪಾಯಿಂಟ್‌ಗಾಗಿ. ಹರ್ಮಿಟೇಜ್, ಅದರಲ್ಲಿ ನಾಲ್ಕು ಕಲಾಕೃತಿ ಇಡಬಹುದು. ಐಫೆಲ್ ಟವರ್, ನಿಮ್ಮ ಎಲ್ಲ ಟೈಲ್‌ಗಳ ಅಪೀಲ್ (ನೋಟದ ಚೆಲುವು) ಎರಡು ಹೆಚ್ಚುತ್ತದೆ. ಕ್ರಿಸ್ಟೊ ರೆಡೆಂಟರ್, ಸೀಸೈಡ್ ರಿಸಾರ್ಟ್‌ಗಳ ಟೂರಿಸಂ ಎರಡು ಪಟ್ಟು ಮಾಡುತ್ತದೆ.

ಕಟ್ಟುವಾಗ ಕಾಡು ಕಡಿದರೆ ಒಮ್ಮೆಲೇ ಪ್ರೊಡಕ್ಷನ್ (ಕಟ್ಟುವ ಶಕ್ತಿ) ಸಿಗುತ್ತದೆ. ಮ್ಯಾಗ್ನಸ್ ಗವರ್ನರ್ ಆ ಊರಲ್ಲಿದ್ದರೆ ಅದು ಅರ್ಧದಷ್ಟು ಹೆಚ್ಚು. ಆದರೆ ಮುಂದೆ ಪಾರ್ಕಿಗೆ ಬೇಕಾಗುವ ಕಾಡಿಗೆ ಕೊಡಲಿ ಹಾಕಬೇಡಿ. ವಂಡರ್ ಹಳೆಯದಾದಷ್ಟೂ ಯುಗ ಕಳೆದಂತೆ ಅದರ ಟೂರಿಸಂ ಏರುತ್ತದೆ. ಹಾಗಾಗಿ ಹಳೆಯ ಕಾಲದ ಒಂದು ವಂಡರ್ ಸುಲಭವಾಗಿ ಸಿಕ್ಕರೆ ತಗೊಳ್ಳಿ.

ಮ್ಯೂಸಿಯಂ ಫುಲ್ ಆಗಿದೆ, ಥೀಮ್ ಮಾತ್ರ ಆಗ್ತಾ ಇಲ್ಲ. ಯಾಕೆ?

ಎರಡು ಬಗೆಯ ಮ್ಯೂಸಿಯಂಗೆ ಎರಡು ನಿಯಮ. ಆರ್ಟ್ ಮ್ಯೂಸಿಯಂನಲ್ಲಿ ಮೂರೂ ಒಂದೇ ಬಗೆಯದಾಗಿರಬೇಕು: ಮೂರೂ ಶಿಲ್ಪ, ಇಲ್ಲವೇ ಮೂರೂ ಪೋರ್ಟ್ರೇಟ್, ಲ್ಯಾಂಡ್‌ಸ್ಕೇಪ್, ಧಾರ್ಮಿಕ ಚಿತ್ರ. ಆದರೆ ಮಾಡಿದ ಕಲಾವಿದರು ಮೂವರೂ ಬೇರೆ ಬೇರೆ. ಒಬ್ಬನೇ ಕಲಾವಿದನ ಮೂರು ಕೃತಿ ಒಂದೇ ಕಡೆ ಇಟ್ಟರೆ ಆಗುವುದಿಲ್ಲ, ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲೇ. ಆರ್ಕಿಯಲಾಜಿಕಲ್ ಮ್ಯೂಸಿಯಂನಲ್ಲಿ ಮೂರೂ ಒಂದೇ ಯುಗದ್ದು, ಆದರೆ ಮೂರು ಬೇರೆ ಬೇರೆ ದೇಶದ್ದು.

ಗ್ರೇಟ್ ವರ್ಕ್ಸ್ ಪರದೆಗೆ ಹೋಗಿ ಒಂದು ಊರಿನದನ್ನು ಇನ್ನೊಂದು ಊರಿಗೆ ಎಳೆದು ಬದಲಿಸಿ. ಕೈಯಲ್ಲಿಲ್ಲದ್ದನ್ನು ಬೇರೆ ದೇಶದಿಂದ ಕೊಳ್ಳಬಹುದು. ವ್ಯಾಪಾರದ ಪರದೆಯಲ್ಲಿ ಅವರ ಕೃತಿಗಳೂ ಕಾಣುತ್ತವೆ, ಹಣ ಕೊಟ್ಟರೆ ಒಪ್ಪುವುದುಂಟು. ಥೀಮ್ ಆದರೆ ಆ ಮ್ಯೂಸಿಯಂನ ಕಲ್ಚರ್, ಟೂರಿಸಂ ಎರಡೂ ದುಪ್ಪಟ್ಟು. ಅದಕ್ಕೆ ಇಷ್ಟು ಹೊತ್ತು ಕೂತು ಜೋಡಿಸುವುದು ಸಾರ್ಥಕ.

ಅಗೆಯೋಕೆ ಜಾಗ ಎಲ್ಲಿಂದ ಬರ್ತಾವೆ? ಕೆಲವು ಆಟದಲ್ಲಿ ಒಂದೂ ಕಾಣಲ್ಲ.

ಹಳೆಯ ಕಾಲದಲ್ಲಿ ಎಲ್ಲಿ ಯುದ್ಧವಾಗಿ ಯೂನಿಟ್ ಸತ್ತಿತ್ತೋ, ಎಲ್ಲಿ ಬಾರ್ಬೇರಿಯನ್ ಠಾಣ್ಯ ಇತ್ತೋ, ಅಂಥ ಕಡೆ ಆ್ಯಂಟಿಕ್ವಿಟಿ ಸೈಟ್ ಹುಟ್ಟುತ್ತವೆ. ನ್ಯಾಚುರಲ್ ಹಿಸ್ಟರಿ ಸಿವಿಕ್ ಆದ ಮೇಲೆ ಕಾಣುತ್ತವೆ. ಮುಳುಗಿದ ಹಡಗುಗಳು ಕಲ್ಚರಲ್ ಹೆರಿಟೇಜ್ ಆದ ಮೇಲೆ. ಒಬ್ಬ ಆರ್ಕಿಯಾಲಜಿಸ್ಟ್ ಮೂರು ಕಡೆ ಅಗೆಯಬಹುದು. ನಿಮ್ಮ ನೆಲದಲ್ಲಿ ಮುಗಿದರೆ ಓಪನ್ ಬಾರ್ಡರ್ಸ್ (ಗಡಿ ದಾಟಲು ಬಿಡುವ ಒಪ್ಪಂದ) ಇರುವ ದೇಶಕ್ಕೆ ಕಳಿಸಿ. ಅವರಿಗೆ ಅದು ಇಷ್ಟವಾಗುವುದಿಲ್ಲ ಎನ್ನುವುದು ನೆನಪಿರಲಿ. ಒಂದು ಥಿಯೇಟರ್ ಸ್ಕ್ವೇರ್‌ನಲ್ಲಿ ಎರಡರಲ್ಲಿ ಒಂದೇ ಬಗೆಯ ಮ್ಯೂಸಿಯಂ ಕಟ್ಟಲು ಸಾಧ್ಯ. ನಾನು ಮೂರರಲ್ಲಿ ಎರಡು ಊರಿಗೆ ಆರ್ಟ್, ಒಂದಕ್ಕೆ ಆರ್ಕಿಯಲಾಜಿಕಲ್ ಇಡುತ್ತೇನೆ.

ಧರ್ಮದಲ್ಲಿ ಗೆಲ್ಲೋದು ನನಗೆ ಬೇಡ. ಮತ್ತೆ ಫೇತ್ ಯಾಕೆ ಕೂಡಿಡಬೇಕು?

ಕೊನೆಯ ಹಂತದ ಎರಡು ದೊಡ್ಡ ಅಸ್ತ್ರಗಳಾದ ನ್ಯಾಚುರಲಿಸ್ಟ್ ಮತ್ತು ರಾಕ್ ಬ್ಯಾಂಡ್ ಫೇತ್‌ನಿಂದ ಮಾತ್ರ ಸಿಗುತ್ತವೆ. ಹಣ ಎಷ್ಟಿದ್ದರೂ ಬರುವುದಿಲ್ಲ. ಪ್ರತಿ ಸಲ ಕೊಂಡಾಗಲೂ ಮುಂದಿನದರ ಬೆಲೆ ಏರುತ್ತದೆ. ಗ್ರೇಟ್ ಪರ್ಸನ್ ಕೈತಪ್ಪುವ ಹಾಗಿದ್ದರೆ ಫೇತ್ ಕೊಟ್ಟು ಕರೆಸಿಕೊಳ್ಳಬಹುದು. ಮೂರು, ನಾಲ್ಕು ಊರಿನಲ್ಲಿ ಹೋಲಿ ಸೈಟ್ ಮೊದಲೇ ಹಾಕಿ.

ಧರ್ಮ ಸ್ಥಾಪಿಸಿದ್ದರೆ ರೆಲಿಕ್‌ಗಳ ದಾರಿಯೂ ಇದೆ. ಒಂದು ರೆಲಿಕ್‌ಗೆ 8 ಟೂರಿಸಂ. ಮಾರ್ಟರ್ ಪ್ರಮೋಷನ್ ಇರುವ ಅಪಾಸಲ್ (ಧರ್ಮಪ್ರಚಾರಕ) ಧಾರ್ಮಿಕ ಕಾಳಗದಲ್ಲಿ ಸತ್ತರೆ ಒಂದು ಸಿಗುತ್ತದೆ. ಮಾಂಟ್ ಸೇಂಟ್ ಮಿಶೆಲ್ ಕಟ್ಟಿದರೆ ನಿಮ್ಮ ಎಲ್ಲ ಅಪಾಸಲ್‌ಗಳಿಗೂ ಆ ಪ್ರಮೋಷನ್. ಎದುರಿನವರು ಎನ್‌ಲೈಟನ್‌ಮೆಂಟ್ ಸಿವಿಕ್ ಮುಗಿಸಿದ ಮೇಲೆ ಅವರ ಮೇಲೆ ಧಾರ್ಮಿಕ ಟೂರಿಸಂ ಅರ್ಧಕ್ಕೆ ಇಳಿಯುತ್ತದೆ. ಕ್ರಿಸ್ಟೊ ರೆಡೆಂಟರ್ ಇದ್ದವರಿಗೆ ಆ ನಷ್ಟ ಇಲ್ಲ.

ನ್ಯಾಷನಲ್ ಪಾರ್ಕ್ ಹಾಕೋಕೆ ಜಾಗಾನೇ ಸಿಗ್ತಿಲ್ಲ. ನ್ಯಾಚುರಲಿಸ್ಟ್ ಕೊಂಡು ಹತ್ತು ಟರ್ನ್ ಆಯ್ತು, ಸುಮ್ನೆ ಓಡಾಡ್ತಾನೆ.

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಪಾರ್ಕಿಗೆ ನಾಲ್ಕು ಟೈಲ್ ಬೇಕು. ಮೇಲೊಂದು, ನಡುವೆ ಎರಡು, ಕೆಳಗೊಂದು, ನಿಂತಿರುವ ವಜ್ರದ ಆಕಾರ. ನಾಲ್ಕೂ ಒಂದೇ ಊರಿಗೆ ಸೇರಿರಬೇಕು. ನಾಲ್ಕರಲ್ಲೂ ಗಣಿ, ಹೊಲ, ಡಿಸ್ಟ್ರಿಕ್ಟ್ (ಬಡಾವಣೆ) ಏನೂ ಇರಬಾರದು. ಪ್ರತಿಯೊಂದೂ ಬೆಟ್ಟವಾಗಿರಬೇಕು, ನ್ಯಾಚುರಲ್ ವಂಡರ್ ಆಗಿರಬೇಕು, ಇಲ್ಲವೇ ಅಪೀಲ್ ಚಾರ್ಮಿಂಗ್ ಅಥವಾ ಅದಕ್ಕಿಂತ ಮೇಲೆ ಇರಬೇಕು. ನಾಲ್ಕರ ಅಪೀಲ್ ಕೂಡಿಸಿದರೆ ಎಷ್ಟೋ ಅಷ್ಟು ಟೂರಿಸಂ.

ಹೋದ ಮಳೆಗಾಲದಲ್ಲಿ ವಾಕಡ್‌ನ ಒಂದು ಫ್ಲಾಟಿನಲ್ಲಿ ಬೆಳಗಾವಿಯ ಹುಡುಗನೊಬ್ಬನ ಆಟ ನೋಡುತ್ತಾ ಕೂತಿದ್ದೆ. ಎರಡು ಬೆಟ್ಟ, ಒಂದು ಕಾಡು, ಒಂದು ಹುಲ್ಲುಗಾವಲು, ಆಕಾರ ಸರಿಯಾಗಿದೆ. ಆದರೂ ಬಟನ್ ಮಂಕಾಗಿಯೇ ಇದೆ. ಅಪೀಲ್ ಲೆನ್ಸ್ ಹಾಕಿ ನೋಡಿದೆವು. ಹುಲ್ಲುಗಾವಲಿನ ಅಪೀಲ್ 1, ಚಾರ್ಮಿಂಗ್‌ಗೆ 2 ಬೇಕು. ಪಕ್ಕದ ಗುಡ್ಡದಲ್ಲಿ ಅವನದೇ ಒಂದು ಗಣಿ, ಅದು ಒಂದು ಕಳೆಯುತ್ತಿತ್ತು. ಬಿಲ್ಡರ್ ಕಳಿಸಿ ಗಣಿ ತೆಗೆಸಿದ. ಅದೇ ಗುಡ್ಡದ ಮೇಲೆ ಕಾಡು ನೆಟ್ಟ. ಹುಲ್ಲುಗಾವಲು 3ಕ್ಕೆ ಏರಿತು, ಪಾರ್ಕ್ ಆಯಿತು. ಗಣಿಯಿಂದ ಸಿಗುತ್ತಿದ್ದ ಪ್ರೊಡಕ್ಷನ್ ಆ ಹೊತ್ತಿಗೆ ಅವನಿಗೆ ಬೇಕೂ ಆಗಿರಲಿಲ್ಲ.

ಹೀಗೆ ಲೆಕ್ಕ ಹಾಕಿ ನೋಡಿ. ಪಕ್ಕದಲ್ಲಿ ಕಾಡು, ಬೆಟ್ಟ, ಸಮುದ್ರ ತೀರ, ಹೋಲಿ ಸೈಟ್, ಥಿಯೇಟರ್ ಸ್ಕ್ವೇರ್, ವಂಡರ್ ಇದ್ದರೆ ಅಪೀಲ್ ಏರುತ್ತದೆ. ಗಣಿ, ಕ್ವಾರಿ, ಇಂಡಸ್ಟ್ರಿಯಲ್ ಜೋನ್, ಎನ್‌ಕ್ಯಾಂಪ್‌ಮೆಂಟ್, ಮಳೆಕಾಡು, ಜೌಗು ಇದ್ದರೆ ಇಳಿಯುತ್ತದೆ. ಕನ್ಸರ್ವೇಷನ್ ಸಿವಿಕ್ ಆದ ಮೇಲೆ ಕಾಡು ನೆಡಬಹುದು. ನ್ಯಾಚುರಲಿಸ್ಟ್ ಕೊಳ್ಳುವುದಕ್ಕೆ ಮೊದಲೇ ಬಿಲ್ಡರ್‌ಗಳಿಂದ ಈ ಕೆಲಸ ಮುಗಿಸಿರಿ. ಒಂದು ಟೈಲ್ ಪಕ್ಕದ ಊರಿನ ಪಾಲಾಗಿದ್ದರೆ ಸಿಟಿಜನ್ ಪರದೆಯಿಂದ ಅದನ್ನು ಈ ಊರಿಗೆ ಬದಲಿಸಿಕೊಳ್ಳಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಕಲ್ಚರ್ ಗೆಲ್ಲೋಕೆ ಸೈನ್ಸ್ ಬಿಟ್ಟುಬಿಡಬಹುದಾ?

ಬಿಡಬೇಡಿ. ಪ್ರಿಂಟಿಂಗ್ ಬಂದರೆ ಪುಸ್ತಕಗಳ ಟೂರಿಸಂ ಎರಡು ಪಟ್ಟು. ಫ್ಲೈಟ್ ಬಂದ ಮೇಲೆ, ಕಲ್ಚರ್ ಕೊಡುವ ಇಂಪ್ರೂವ್‌ಮೆಂಟ್‌ಗಳು (ಟೈಲ್ ಮೇಲೆ ಕಟ್ಟಿದ ರಚನೆಗಳು) ಟೂರಿಸಂ ಕೂಡ ಕೊಡುತ್ತವೆ. ರೇಡಿಯೊ ಬಂದರೆ ಸೀಸೈಡ್ ರಿಸಾರ್ಟ್, ಬ್ರಾಡ್‌ಕಾಸ್ಟ್ ಸೆಂಟರ್. ಕಂಪ್ಯೂಟರ್ಸ್ ಬಂದರೆ ಒಟ್ಟು ಟೂರಿಸಂ ಶೇಕಡಾ 25 ಹೆಚ್ಚು. ಕ್ಯಾಂಪಸ್ (ವಿಜ್ಞಾನದ ಬಡಾವಣೆ) ಕೂಡ ಅರ್ಧದಷ್ಟು ಊರಲ್ಲಿ ಇರಲಿ.

## ಕೊನೆಯ ಹಂತ, ಮತ್ತು ಹಳಬರಿಗೆ

ಟೂರಿಸಂ ಚೆನ್ನಾಗೇ ಇದೆ. ಆದ್ರೂ ಜನ ಬರ್ತಾ ಇಲ್ಲ. ಏನು ಬಿಟ್ಟಿದ್ದೀನಿ?

ನೆಂಟಸ್ತನ. ಒಂದು ದೇಶಕ್ಕೆ ನಿಮ್ಮ ಟ್ರೇಡ್ ರೂಟ್ ಇದ್ದರೆ ಅಲ್ಲಿಗೆ ಟೂರಿಸಂ ಶೇಕಡಾ 25 ಹೆಚ್ಚು. ಓಪನ್ ಬಾರ್ಡರ್ಸ್ ಇದ್ದರೆ ಇನ್ನೊಂದು 25. ಎರಡೂ ಇದ್ದರೆ ಮೇಲೆ ಹೇಳಿದ 300 ಅಲ್ಲಿಗೆ 450 ಆಗುತ್ತದೆ. ನಾಲ್ಕು ಟರ್ನಿಗೆ ಬರುತ್ತಿದ್ದವನು ಮೂರು ಟರ್ನ್‌ಗೂ ಮೊದಲೇ ಬರುತ್ತಾನೆ. ಒಂದು ಕಟ್ಟಡವನ್ನೂ ಕಟ್ಟದೆ ಸಿಗುವ ಲಾಭ ಇದು.

ಆನ್‌ಲೈನ್ ಕಮ್ಯುನಿಟೀಸ್ ಎಂಬ ಪಾಲಿಸಿ ಕಾರ್ಡ್ (ಸರ್ಕಾರದ ನೀತಿ) ಸಿಕ್ಕ ಮೇಲೆ ಟ್ರೇಡ್ ರೂಟ್ ಇರುವ ದೇಶಗಳಿಗೆ ಇನ್ನೂ ಶೇಕಡಾ 50. ಆಗ ಒಳನಾಡಿನ ರೂಟ್‌ಗಳನ್ನು ಮುಗಿಯುತ್ತಿದ್ದಂತೆ ಹೊರಗೆ ತಿರುಗಿಸಿ, ಪ್ರತಿ ದೇಶಕ್ಕೆ ಒಂದು ರೂಟ್ ಇರಲಿ. ಒಂದೇ ದೇಶಕ್ಕೆ ನಾಲ್ಕು ಕಳಿಸಿದರೆ ಟೂರಿಸಂ ನಾಲ್ಕು ಪಟ್ಟಾಗುವುದಿಲ್ಲ. ಸರ್ಕಾರದ ಬಗೆ ಬೇರೆಯಾಗಿದ್ದರೆ ಟೂರಿಸಂ ಕಡಿತವಾಗುತ್ತದೆ. ಮುಖ್ಯ ಎದುರಾಳಿ ಯಾವ ಸರ್ಕಾರದಲ್ಲಿದ್ದಾನೆ ನೋಡಿಕೊಂಡು ನಿಮ್ಮದನ್ನು ಆರಿಸಿ.

ಇದಕ್ಕೆಲ್ಲ ಸ್ನೇಹ ಬೇಕು. ಆಟದ ಶುರುವಿನಲ್ಲಿ ಕಳಿಸುವ ಡೆಲಿಗೇಷನ್, ನಡುವೆ ಮಾಡಿಕೊಳ್ಳುವ ಫ್ರೆಂಡ್‌ಶಿಪ್, ಎಲ್ಲವೂ ಕೊನೆಯಲ್ಲಿ ಕೈ ಹಿಡಿಯುತ್ತವೆ.

ಯಾವ ಪಾಲಿಸಿ ಕಾರ್ಡ್ ಹಾಕಲಿ?

ನಿಮ್ಮ ಟೂರಿಸಂ ಎಲ್ಲಿಂದ ಬರುತ್ತಿದೆ ಮೊದಲು ನೋಡಿ. ಚಿತ್ರ, ಶಿಲ್ಪ, ಆರ್ಟಿಫ್ಯಾಕ್ಟ್ ಜಾಸ್ತಿ ಇದ್ದರೆ ಹೆರಿಟೇಜ್ ಟೂರಿಸಂ, ಅವುಗಳ ಟೂರಿಸಂ ಎರಡು ಪಟ್ಟು. ಸಂಗೀತ ಜಾಸ್ತಿ ಇದ್ದರೆ ಸ್ಯಾಟಲೈಟ್ ಬ್ರಾಡ್‌ಕಾಸ್ಟ್ಸ್, ಮೂರು ಪಟ್ಟು. ವರ್ಲ್ಡ್ ಕಾಂಗ್ರೆಸ್‌ನಲ್ಲಿ ಹೆರಿಟೇಜ್ ಆರ್ಗನೈಸೇಷನ್ ಎಂಬ ನಿರ್ಣಯ ಮತಕ್ಕೆ ಬಂದರೆ ಇದೇ ಲೆಕ್ಕ. ನಿಮ್ಮ ಹತ್ತಿರ ಯಾವ ಬಗೆಯ ಕೃತಿ ಜಾಸ್ತಿಯೋ ಅದರ ಪರವಾಗಿ ಕೂಡಿಟ್ಟ ಫೇವರ್ (ಮತ ಹಾಕಲು ಬೇಕಾದ ಪಾಯಿಂಟ್) ಸುರಿಯಿರಿ. ಅದೇ ಕೃತಿಯ ಮೇಲೆ ಎದುರು ಮತ ಬಿದ್ದರೆ ಟೂರಿಸಂ ಪೂರ್ತಿ ನಿಲ್ಲುತ್ತದೆ.

ಅಷ್ಟು ಫೇತ್ ಕೊಟ್ಟು ರಾಕ್ ಬ್ಯಾಂಡ್ ತಗೊಂಡೆ. ಒಂದೇ ಶೋ, ಮುಗೀತು. ದುಡ್ಡು ದಂಡ ಅಲ್ವಾ?

ದಂಡ ಅಲ್ಲ, ಆದರೆ ಕಳಿಸುವ ಜಾಗ ಸರಿಯಿರಬೇಕು. ಕೋಲ್ಡ್ ವಾರ್ ಸಿವಿಕ್ ಆದ ಮೇಲೆ ಬ್ಯಾಂಡ್ ಸಿಗುತ್ತದೆ. ಒಂದು ಶೋ ಕೊಟ್ಟರೆ ಆ ದೇಶದ ಮೇಲೆ ಒಮ್ಮೆಲೇ ದೊಡ್ಡ ಮೊತ್ತದ ಟೂರಿಸಂ ಬೀಳುತ್ತದೆ. ಶೋ ಕೆಟ್ಟರೆ ಬ್ಯಾಂಡ್ ಒಡೆದುಹೋಗುತ್ತದೆ, ಅದು ಅದೃಷ್ಟ. ನಾಲ್ಕು, ಐದು ಬ್ಯಾಂಡ್ ಕಳಿಸುವಷ್ಟು ಫೇತ್ ಇಟ್ಟುಕೊಂಡೇ ಶುರು ಮಾಡಿ.

ಕೊಂಡಾಗ ಪ್ರಮೋಷನ್ ಆರಿಸಲು ಕೊಡುತ್ತದೆ. ಎದುರಿನವನ ನೆಲದಲ್ಲಿ ಏನಿದೆ ನೋಡಿ ಆರಿಸಿ. ವಂಡರ್‌ಗಳಿದ್ದರೆ ಆಲ್ಬಮ್ ಕವರ್ ಆರ್ಟ್. ಕ್ಯಾಂಪಸ್ ಜಾಸ್ತಿ ಇದ್ದರೆ ಸ್ಪೇಸ್ ರಾಕ್. ಥಿಯೇಟರ್ ಸ್ಕ್ವೇರ್‌ಗೆ ಗ್ಲ್ಯಾಮ್ ರಾಕ್, ಹೋಲಿ ಸೈಟ್‌ಗೆ ರಿಲಿಜಿಯಸ್ ರಾಕ್. ಬ್ಯಾಂಡ್ ಒಳಗೆ ಹೋಗಲು ಓಪನ್ ಬಾರ್ಡರ್ಸ್ ಬೇಡ. ಆದರೆ ಆ ದೇಶ ಮ್ಯೂಸಿಕ್ ಸೆನ್ಸಾರ್‌ಶಿಪ್ ಕಾರ್ಡ್ ಹಾಕಿದ್ದರೆ ಗಡಿಯಲ್ಲೇ ತಡೆಯುತ್ತದೆ.

ನಾಲ್ಕು ದೇಶ ದಾಟಿದೆ, ಒಂದೇ ಒಂದು ದೇಶ ಅಡ್ಡ ನಿಂತಿದೆ. ಅದರ ಮೇಲೆ ಯುದ್ಧಕ್ಕೆ ಹೋಗಲಾ?

ಸಾಮಾನ್ಯವಾಗಿ ಬೇಡ. ಡೊಮೆಸ್ಟಿಕ್ ಟೂರಿಸ್ಟ್ ಲೆಕ್ಕ ಇಲ್ಲಿಯವರೆಗೆ ಗಳಿಸಿದ ಒಟ್ಟು ಕಲ್ಚರ್ ಮೇಲೆ ನಿಂತಿದೆ. ಊರು ಕಿತ್ತುಕೊಂಡರೂ ಹಿಂದೆ ಗಳಿಸಿದ್ದು ಅಳಿಯುವುದಿಲ್ಲ. ಮುಂದಿನ ಬೆಳವಣಿಗೆ ಮಾತ್ರ ನಿಧಾನವಾಗುತ್ತದೆ. ಯುದ್ಧ ಸಾರಿದ ಕ್ಷಣ ಟ್ರೇಡ್ ರೂಟ್ ಹೋಯಿತು, ಓಪನ್ ಬಾರ್ಡರ್ಸ್ ಹೋಯಿತು. ಉಳಿದ ದೇಶಗಳೂ ಮುಖ ತಿರುಗಿಸುತ್ತವೆ.

ಅದರ ಬದಲು ಎಲ್ಲ ಬ್ಯಾಂಡ್‌ಗಳನ್ನೂ ಆ ಒಂದೇ ದೇಶಕ್ಕೆ ಕಳಿಸಿ. ಇದರ ಲಾಭ ಎರಡು ಕಡೆಯಿಂದ. ಅಲ್ಲಿಂದ ಒಬ್ಬ ಬಂದರೆ ನಿಮ್ಮ ಕಡೆ ಒಂದು ಏರುತ್ತದೆ, ನೀವು ದಾಟಬೇಕಾದ ಸಂಖ್ಯೆಯಲ್ಲಿ ಒಂದು ಇಳಿಯುತ್ತದೆ. ಬೇರೆ ದೇಶದಿಂದ ಬಂದವನು ಬರೀ ಏರಿಸುತ್ತಾನೆ. ಅಂತರ 40 ಇದ್ದರೆ ಆ ದೇಶದಿಂದ ಇಪ್ಪತ್ತೊಂದು ಜನ ಸಾಕು. ಜತೆಗೆ ಸ್ಪೈ ಕಳಿಸಿ ಥಿಯೇಟರ್ ಸ್ಕ್ವೇರ್‌ನಿಂದ ಗ್ರೇಟ್ ವರ್ಕ್ ಕದಿಸಿ. ಅವರ ಕಲ್ಚರ್ ಇಳಿಯುತ್ತದೆ, ನಿಮ್ಮ ಮ್ಯೂಸಿಯಂ ತುಂಬುತ್ತದೆ.

ಯುದ್ಧಕ್ಕೆ ಅರ್ಥ ಇರುವುದು ಆಟದ ಮೊದಲ ಅರ್ಧದಲ್ಲಿ, ಕಲ್ಚರ್‌ನಲ್ಲಿ ಯಾರೋ ಒಬ್ಬರು ಎಲ್ಲರನ್ನೂ ಬಿಟ್ಟು ಓಡುವ ಸೂಚನೆ ಕಂಡಾಗ. ಆಗ ಅವರ ಒಟ್ಟು ಮೊತ್ತ ಇನ್ನೂ ಚಿಕ್ಕದಿರುತ್ತದೆ.

ಐದು, ಏಳರಲ್ಲೂ ಇದೇ ಲೆಕ್ಕಾನಾ?

ಇಲ್ಲ. ಸಿವಿಲೈಸೇಷನ್ ಐದರಲ್ಲಿ 2013ರ ಬ್ರೇವ್ ನ್ಯೂ ವರ್ಲ್ಡ್ ವಿಸ್ತರಣೆ ಬಂದ ಮೇಲೆ, ಒಂದು ದೇಶದ ಮೇಲೆ ನಿಮ್ಮ ಒಟ್ಟು ಟೂರಿಸಂ ಆ ದೇಶದ ಒಟ್ಟು ಕಲ್ಚರ್ ಅನ್ನು ಮುಟ್ಟಿದರೆ ನೀವು ಅಲ್ಲಿ ಇನ್‌ಫ್ಲುಯೆನ್ಷಿಯಲ್. ಎಲ್ಲ ದೇಶಗಳಲ್ಲೂ ಹಾಗಾದರೆ ಗೆಲುವು. ಅಲ್ಲಿ ರಾಕ್ ಬ್ಯಾಂಡಿನ ಕೆಲಸವನ್ನು ಗ್ರೇಟ್ ಮ್ಯುಸಿಷಿಯನ್ ಕಛೇರಿ ಕೊಟ್ಟು ಮಾಡುತ್ತಾನೆ. ಏಳರಲ್ಲಿ ಪೂರ್ತಿ ಬೇರೆ ದಾರಿ. 2025ರಲ್ಲಿ ಅದು ಬಂದಾಗ ಮಾಡರ್ನ್ ಯುಗದಲ್ಲಿ 15 ಆರ್ಟಿಫ್ಯಾಕ್ಟ್ ಕೂಡಿಸಿ, ನಂತರ ವರ್ಲ್ಡ್ಸ್ ಫೇರ್ ಕಟ್ಟಬೇಕಿತ್ತು.

ನಾನು ಸೈನ್ಸ್‌ನಲ್ಲಿ ಹೊರಟಿದ್ದೆ. ಈಗ ಬೇರೆಯವನು ಕಲ್ಚರ್‌ನಲ್ಲಿ ಗೆಲ್ಲೋ ಹಾಗಿದೆ. ತಡೆಯೋದು ಹೇಗೆ?

ಮೇಲೆ ಹೇಳಿದ್ದನ್ನೆಲ್ಲ ತಿರುಗಿಸಿ. ಮೊದಲು ಓಪನ್ ಬಾರ್ಡರ್ಸ್ ಮುಂದುವರಿಸಬೇಡಿ. ಮ್ಯೂಸಿಕ್ ಸೆನ್ಸಾರ್‌ಶಿಪ್ ಹಾಕಿ. ಅಮೆನಿಟಿ (ಜನರ ನೆಮ್ಮದಿ) ಸ್ವಲ್ಪ ಕಡಿಮೆಯಾಗುತ್ತದೆ, ಪರವಾಗಿಲ್ಲ. ನಿಮ್ಮ ಸ್ವಂತ ಕಲ್ಚರ್ ಏರಿಸಿ: ಮಾನ್ಯುಮೆಂಟ್, ಥಿಯೇಟರ್ ಸ್ಕ್ವೇರ್ ಕಟ್ಟಿ, ಕಲ್ಚರ್ ಸಿಟಿ ಸ್ಟೇಟ್‌ಗಳಿಗೆ ಎನ್ವಾಯ್ (ದೂತರು) ಕಳಿಸಿ. ಅವನು ಎಲ್ಲರನ್ನೂ ದಾಟಬೇಕಲ್ವಾ? ನೀವೊಬ್ಬರು ದಾಟಲು ಬಿಡದಿದ್ದರೆ ಸಾಕು, ಅವನು ಗೆಲ್ಲುವಂತಿಲ್ಲ. ಅಷ್ಟರಲ್ಲಿ ನಿಮ್ಮ ರಾಕೆಟ್ ಹಾರಿಸಲು ಸಮಯ ಸಿಗುತ್ತದೆ.

ಅದೂ ಸಾಲದಿದ್ದರೆ ಯುದ್ಧ. ಗೆಲ್ಲುವುದಕ್ಕಾಗಿ ಅಲ್ಲ, ಅವನ ಟ್ರೇಡ್ ರೂಟ್ ಕಡಿಯುವುದಕ್ಕೆ, ಥಿಯೇಟರ್ ಸ್ಕ್ವೇರ್ ಲೂಟಿ ಮಾಡುವುದಕ್ಕೆ. ಗಡಿಯಿಂದ ಹತ್ತಿರದ, ವಂಡರ್ ಜಾಸ್ತಿ ಇರುವ ಒಂದು ಊರು ಹಿಡಿದರೆ ಅಲ್ಲಿನ ಟೂರಿಸಂ ನಿಮ್ಮ ಕೈಗೆ ಬರುತ್ತದೆ.